ನವಿಲುತೀರ್ಥದ ಗುಡ್ಡ ಮತ್ತು ನನ್ನ ತಪ್ಪು ಉತ್ತರ



ಕಳೆದ ಡಿಸೆಂಬರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಸಾರ ಸಮೇತ ತಲಕಾವೇರಿಗೆ ಬಂದಿದ್ದವನು, ದಾರಿ ಕೇಳಿಕೊಂಡು ಘಟ್ಟ ಇಳಿದು ಕರಿಕೆಯ ನಮ್ಮ ಮನೆಗೂ ಬಂದ. ಸವದತ್ತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದ ದಿನಗಳ ಹುಡುಗ ಅವನು. ಈಗ ತಲೆಯಲ್ಲಿ ಬಿಳಿಕೂದಲು. ಜೊತೆಗೆ ಎಂಟನೆಯ ತರಗತಿಯಲ್ಲಿ ಓದುವ ಮಗಳು. ಜಗಲಿಯಲ್ಲಿ ಕುಳಿತು ಚಹಾ ಕುಡಿಯುವಾಗ ಅವನು ಮಗಳಿಗೆ ಹೆಮ್ಮೆಯಿಂದ ಹೇಳಿದ: "ನಮ್ಮನ್ನ ನವಿಲುತೀರ್ಥಕ್ಕ ಕರಕೊಂಡು ಹೋಗಿದ್ದು ಇದs ಸರ್ ನೋಡು. ಭೂಕಂಪ ಆಗಿ ಗುಡ್ಡಾ ಸೀಳಿ ಹೊಳಿಗೆ ದಾರಿ ಬಿಟ್ಟತಿ ಅಂತ ಹೇಳಿಕೊಟ್ಟವರು ಇವರs."

ಮಗು ತಲೆಯಾಡಿಸಿತು. ನಾನು ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದೆ. ಸುಮಾರು ನಾಲ್ಕು ದಶಕಗಳ ಹಿಂದೆ ನಾನು ಹೇಳಿದ್ದ ಆ ಮಾತು ತಪ್ಪೆಂದು ನನಗೆ ಬಹಳ ಕಾಲದಿಂದ ಗೊತ್ತಿತ್ತು. ಅದನ್ನು ತಿದ್ದುವ ಗೋಜಿಗೆ ನಾನು ಹೋಗಿರಲಿಲ್ಲ. ಈಗ ಅದು ಎರಡನೆಯ ತಲೆಮಾರಿಗೆ ದಾಟುತ್ತಿರುವುದನ್ನು ಕಣ್ಣಾರೆ ಕಂಡೆ. ಆದುದರಿಂದ ಈ ಲೇಖನ.

ಬಿ.ಎಡ್. ಮುಗಿಸಿ ನೌಕರಿಗೆ ಸೇರಿದ ಹೊಸತರಲ್ಲಿ, 1986ರಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನವಿಲುತೀರ್ಥಕ್ಕೆ ಹೋಗಿದ್ದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿಯುತ್ತ ಮುನವಳ್ಳಿಯ ಹತ್ತಿರ ಉದ್ದನೆಯ ಗುಡ್ಡದ ಸಾಲೊಂದನ್ನು ಎದುರಿಸುತ್ತಾಳೆ. ಅದನ್ನು ಸುತ್ತಿ ಹೋಗದೆ, ನಡುವೆಯೇ ಕಡಿದುಕೊಂಡು ಆಚೆಗೆ ದಾಟುತ್ತಾಳೆ. ಆ ಇಕ್ಕಟ್ಟಾದ ಕಂದರದ ಬಾಯಿಗೇ ರೇಣುಕಾಸಾಗರದ ಅಣೆಕಟ್ಟನ್ನು 1970ರ ದಶಕದಲ್ಲಿ ಕಟ್ಟಿ ಮುಗಿಸಿದರು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯಕ್ಕೆ ಅಡ್ಡಗೋಡೆ ಬೇಕಾದದ್ದು 150 ಮೀಟರಿನಷ್ಟು ಮಾತ್ರ. ಉಳಿದ ಗೋಡೆಯನ್ನು ಗುಡ್ಡವೇ ಕಟ್ಟಿಕೊಟ್ಟಿತ್ತು.

ಆ ಸ್ಥಳದ ಐತಿಹ್ಯವನ್ನು ಮಕ್ಕಳೇ ನನಗೆ ಹೇಳಿದರು. ಹೊಳೆ ಬಂದು ಗುಡ್ಡಕ್ಕೆ ತಡೆದು ನಿಂತಾಗ, ಮೇಲಿದ್ದ ನವಿಲು "ಬಾ ಮಲಪ್ರಭೆ" ಎಂದು ಕೂಗಿತಂತೆ. ಗುಡ್ಡ ಬಿರಿದು ದಾರಿ ಬಿಟ್ಟಿತಂತೆ. ಕಥೆ ಕೇಳಿ ನಾವೆಲ್ಲ ನಕ್ಕೆವು. ಆಗ ಇದೇ ಹುಡುಗ ಕೇಳಿದ: "ಸರ್, ಹೊಳಿ ಗುಡ್ಡಾ ಸುತ್ತುಹಾಕಿ ಹೋಗಬಹುದಿತ್ತಲ್ರೀ? ಇಷ್ಟು ಗಟ್ಟಿ ಕಲ್ಲು ಕಡಕೊಂಡು ಯಾಕ ಹೋತು?"

ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದು ಎನ್ನುವ ಧೈರ್ಯ ಹೊಸ ಮೇಷ್ಟ್ರಿಗೆ ಇರುವುದಿಲ್ಲ. "ಹಿಂದೆ ದೊಡ್ಡ ಭೂಕಂಪವಾಗಿ ಗುಡ್ಡ ಸೀಳಿತು, ನೀರು ಆ ಸೀಳಿನಲ್ಲಿ ನುಗ್ಗಿತು" ಎಂದುಬಿಟ್ಟೆ. ಹಾಗೆ ಹೇಳುವಾಗ ನಾನು ಮಾಡಿದ್ದಾದರೂ ಏನು? ನವಿಲನ್ನು ತೆಗೆದು ಆ ಜಾಗದಲ್ಲಿ ಭೂಕಂಪವನ್ನು ಕೂರಿಸಿದ್ದೆ, ಅಷ್ಟೇ. ಕಥೆಯಲ್ಲಿ ಗುಡ್ಡ ಒಂದು ಕ್ಷಣದಲ್ಲಿ ಬಿರಿಯುತ್ತದೆ. ನನ್ನ ಉತ್ತರದಲ್ಲೂ ಒಂದು ಕ್ಷಣದಲ್ಲೇ ಬಿರಿಯಿತು.

ಸರಿಯಾದ ಉತ್ತರಕ್ಕೆ ಮೊದಲು ಗುಡ್ಡದ ಕಲ್ಲು ಹೇಗಾಯಿತೆಂಬುದನ್ನು ನೋಡಬೇಕು. ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವಾಗ ಗುಂಡಿಯ ಬದಿಯನ್ನು ಗಮನಿಸಿದವರಿಗೆ ಇದು ಕಷ್ಟವಲ್ಲ. ಒಂದು ಗೆರೆ ಮರಳು, ಒಂದು ಗೆರೆ ಜೇಡಿ, ಮತ್ತೆ ಮರಳು. ರಭಸದ ನೀರು ಮರಳನ್ನೂ ಹೊತ್ತು ತರುತ್ತದೆ. ನಿಂತ ನೀರು ಅತಿ ನುಣುಪಾದ ಕೆಸರನ್ನು ಮಾತ್ರ ಇಳಿಸುತ್ತದೆ. ತಳದ ಗೆರೆ ಮೊದಲಿನದು, ಮೇಲಿನದು ಅನಂತರದ್ದು. ಈ ಸರಳ ಮಾತನ್ನು 1669ರಲ್ಲಿ ನಿಯಮದ ರೂಪದಲ್ಲಿ ಬರೆದವನು ಡೆನ್ಮಾರ್ಕಿನಲ್ಲಿ ಹುಟ್ಟಿ ಇಟಲಿಯ ಫ್ಲಾರೆನ್ಸಿನಲ್ಲಿದ್ದ ನಿಕೊಲಾಸ್ ಸ್ಟೀನೊ. ಪದರಗಳು ಹುಟ್ಟುವಾಗ ಮಟ್ಟಸವಾಗಿಯೇ ಇರುತ್ತವೆ, ಓರೆಯಾಗಿದ್ದರೆ ಆಮೇಲೆ ಏನೋ ನಡೆದಿದೆ ಎಂದೂ ಅವನು ಹೇಳಿದ. ಹೂಳಿನ ಮೇಲೆ ಹೂಳು ಸಾವಿರಾರು ಅಡಿ ಕುಳಿತಾಗ ಮೇಲಿನ ಭಾರಕ್ಕೆ ಕೆಳಗಿನದು ಒತ್ತುತ್ತದೆ. ನೀರಿನಲ್ಲಿ ಕರಗಿದ ಸಿಲಿಕ, ಸುಣ್ಣ, ಕಬ್ಬಿಣದ ಅಂಶ ಕಣಗಳ ಸಂದಿನಲ್ಲಿ ಗಾರೆಯಂತೆ ಸೇರಿ ಅವನ್ನು ಬೆಸೆಯುತ್ತದೆ. ಮರಳು ಮರಳುಗಲ್ಲಾಗುತ್ತದೆ, ಕೆಸರು ಜೇಡಿಶಿಲೆಯಾಗುತ್ತದೆ.

ನವಿಲುತೀರ್ಥದ ಸುತ್ತ ಈ ಎರಡೂ ಇವೆ. ಗುಡ್ಡದ ಬೆನ್ನೆಲುಬು ಮರಳಿನ ಕಣಗಳು ಒಂದಕ್ಕೊಂದು ಬೆಸೆದುಹೋದ ಅತಿ ಗಟ್ಟಿಯಾದ ಕ್ವಾರ್ಟ್‌ಜೈಟ್; ಭೂವಿಜ್ಞಾನಿಗಳು ಅದನ್ನು ಸವದತ್ತಿಯ ಹೆಸರಿನಿಂದಲೇ ಕರೆಯುತ್ತಾರೆ. ಅದಕ್ಕೆ ಅಂಟಿಕೊಂಡು ಬರುವ ಮೆತ್ತನೆಯ ಜೇಡಿಶಿಲೆಗೆ ಮುನವಳ್ಳಿಯ ಹೆಸರು. ನಮ್ಮ ಮಕ್ಕಳು ದಿನವೂ ತುಳಿದಾಡುತ್ತಿದ್ದ ಊರುಗಳ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿರುವುದು ನನಗೆ ಆಗ ಗೊತ್ತೇ ಇರಲಿಲ್ಲ.

ಈ ಶಿಲಾಸಮೂಹವನ್ನು ಮೊದಲು ವಿವರವಾಗಿ ಅಧ್ಯಯನ ಮಾಡಿ ಕಲಾದಗಿಯ ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ ಆತ, 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ ನಮ್ಮ ದೇಶದ ಪ್ರಾಗಿತಿಹಾಸದ ಬಾಗಿಲು ತೆರೆದವನು. ದಕ್ಷಿಣ ಮರಾಠಾ ಪ್ರಾಂತವೆಂದು ಆಗ ಕರೆಯುತ್ತಿದ್ದ ನಮ್ಮ ಬೆಳಗಾವಿ, ಬಾಗಲಕೋಟೆ ಸೀಮೆಯ ಭೂರಚನೆಯನ್ನು ಕುರಿತ ಅವನ ದೊಡ್ಡ ಗ್ರಂಥ 1876ರಲ್ಲಿ ಹೊರಬಂದಿತು. ಮಲಪ್ರಭೆಯ ದಂಡೆಯಲ್ಲೂ ಅವನಿಗೆ ಆದಿಮಾನವನ ಕಲ್ಲಿನ ಉಪಕರಣಗಳು ದೊರೆತವು. ಮುಂದೆ 1955ರಲ್ಲಿ ಆರ್. ವಿ. ಜೋಶಿಯವರು ಈ ನದೀಕಣಿವೆಯ ಪ್ರಾಗಿತಿಹಾಸವನ್ನು ಕುರಿತೇ ಒಂದು ಗ್ರಂಥ ಬರೆದರು. ಆ ಉಪಕರಣಗಳಲ್ಲಿ ಹೆಚ್ಚಿನವು ಕ್ವಾರ್ಟ್‌ಜೈಟಿನವು. ಗುಡ್ಡದಿಂದ ಹೊಳೆ ಕಿತ್ತು ತಂದ ಕಲ್ಲನ್ನೇ ಮನುಷ್ಯ ಕೈಗೆತ್ತಿಕೊಂಡಿದ್ದ.

ಈಗ ಕಾಲದ ಲೆಕ್ಕ. 1650ರಲ್ಲಿ ಐರ್ಲೆಂಡಿನ ಬಿಷಪ್ ಅಷರ್ ಧರ್ಮಗ್ರಂಥದ ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದು ಬರೆದ. ಆರು ಸಾವಿರ ವರ್ಷಗಳಲ್ಲಿ ಗಟ್ಟಿ ಗುಡ್ಡವನ್ನು ನೀರು ಕೊರೆಯಲಾರದು. ಆದುದರಿಂದ ಅಲ್ಲಿನ ವಿದ್ವಾಂಸರು ಕಣಿವೆಗಳಿಗೆ ಮಹಾಪ್ರಳಯವನ್ನೋ ಭೂಮಿಯ ಬಿರುಕನ್ನೋ ಕಾರಣವಾಗಿ ಕೊಡಬೇಕಾಯಿತು. ಕಾಲ ಕಡಿಮೆ ಬಿದ್ದಲ್ಲಿ ಬಲವನ್ನು ಹೆಚ್ಚಿಸಿಕೊಳ್ಳುವುದು ಅನಿವಾರ್ಯ. ನನ್ನ ಭೂಕಂಪವೂ ಇದೇ ಜಾತಿಯದು.

ಈ ಇಕ್ಕಟ್ಟನ್ನು ಬಿಡಿಸಿದವನು ಸ್ಕಾಟ್ಲೆಂಡಿನ ಜೇಮ್ಸ್ ಹಟನ್. ಸ್ವತಃ ಬೇಸಾಯ ಮಾಡಿದ್ದ ಅವನು ತನ್ನ ಹೊಲದ ಮಣ್ಣು ಮಳೆಯಲ್ಲಿ ಕೊಚ್ಚಿಹೋಗುವುದನ್ನು ನೋಡಿದ್ದ. 1788ರಲ್ಲಿ ಗೆಳೆಯರಾದ ಜಾನ್ ಪ್ಲೇಫೇರ್ ಮತ್ತು ಜೇಮ್ಸ್ ಹಾಲ್ ಜೊತೆ ದೋಣಿಯಲ್ಲಿ ಹೋಗಿ ಸಿಕರ್ ಪಾಯಿಂಟ್ ಎಂಬ ಕಡಲತೀರದ ಬಂಡೆಯನ್ನು ತೋರಿಸಿದ. ಅಲ್ಲಿ ಕೆಳಗಿನ ಪದರಗಳು ಪುಸ್ತಕಗಳನ್ನು ಕಪಾಟಿನಲ್ಲಿ ನಿಲ್ಲಿಸಿದಂತೆ ನೆಟ್ಟಗೆ ನಿಂತಿವೆ. ಅವುಗಳ ತಲೆಯ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ಸ್ವಲ್ಪ ಓರೆಯಾಗಿ ಮಲಗಿವೆ. ಇದರ ಅರ್ಥವೇನು? ಮೊದಲ ಹೂಳು ಮಟ್ಟಸವಾಗಿ ಕುಳಿತು ಕಲ್ಲಾಗಬೇಕು. ಆ ಕಲ್ಲು ಮಡಿಚಿ ಮೇಲೇಳಬೇಕು. ಮಳೆಗಾಳಿಗೆ ಸವೆದು ತಲೆ ಚಪ್ಪಟೆಯಾಗಬೇಕು. ಅದರ ಮೇಲೆ ಮತ್ತೆ ಹೊಸ ಹೂಳು ಕುಳಿತು ಕಲ್ಲಾಗಬೇಕು. ಇಷ್ಟೂ ನಡೆಯಲು ಸಾವಿರಗಳ ಲೆಕ್ಕ ಸಾಲದು. ಎರಡರ ನಡುವಿನ ಒಂದು ಗೆರೆಯಲ್ಲಿ ಕೋಟಿಗಟ್ಟಲೆ ವರ್ಷಗಳು ಅಡಗಿದ್ದವು.

ಇದನ್ನು ನೋಡಲು ನಾವು ಸ್ಕಾಟ್ಲೆಂಡಿಗೆ ಹೋಗಬೇಕಾಗಿಲ್ಲ. ರಾಮದುರ್ಗದ ಸುತ್ತಮುತ್ತ ಇಂಥದೇ ನೋಟವಿದೆ. ಕೆಳಗೆ ಮಡಿಚಿ ಓರೆಯಾದ ಬಾಗಲಕೋಟೆ ಸಮೂಹದ ಪದರಗಳು. ಅವುಗಳ ಮೇಲೆ ಬಹುಮಟ್ಟಿಗೆ ಮಟ್ಟಸವಾಗಿ ಕುಳಿತ ಬಾದಾಮಿ ಸಮೂಹದ ಮರಳುಗಲ್ಲು. ಸವದತ್ತಿಯ ಕಲ್ಲು ಕೆಳಗಿನ, ಹಳೆಯ ಸಮೂಹಕ್ಕೆ ಸೇರಿದ್ದು. ಬಾದಾಮಿಯ ಕೆಂಪುಬಂಡೆಗಳು ಮೇಲಿನವು. ಅವುಗಳಲ್ಲಿಯೇ ಚಾಲುಕ್ಯರು ಗುಹಾಲಯಗಳನ್ನು ಕೊರೆಸಿದರು. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578. ಮುಂದಿನ ಸಲ ಅಲ್ಲಿಗೆ ಹೋದಾಗ ಕಂಬಗಳ ಮೇಲೆ ಹಾದುಹೋಗುವ ಬಣ್ಣದ ಪಟ್ಟೆಗಳನ್ನು ನೋಡಿರಿ. ಅವು ಶಿಲ್ಪಿಯ ಕೈಕೆಲಸವಲ್ಲ. ಎಂದೋ ನೀರಿನ ತಳದಲ್ಲಿ ಕುಳಿತ ಮರಳಿನ ಗೆರೆಗಳು, ಕಬ್ಬಿಣದ ತುಕ್ಕಿನಿಂದ ಕೆಂಪೇರಿದವು.

ವಯಸ್ಸನ್ನು ಹೇಗೆ ತಿಳಿಯುವುದು? ಮಟ್ಟಸ ಪದರಗಳು ತಮ್ಮ ವಯಸ್ಸನ್ನು ನೇರವಾಗಿ ಹೇಳುವುದಿಲ್ಲ. ಆದರೆ ಬಾಗಲಕೋಟೆ ಸಮೂಹದ ಪದರಗಳನ್ನು ಸೀಳಿಕೊಂಡು ಕರಿಕಲ್ಲಿನ ದ್ರವ ಒಳನುಗ್ಗಿ ಗಟ್ಟಿಯಾದ ಭಾಗಗಳಿವೆ. ಹಲಗೆಗೆ ಹೊಡೆದ ಮೊಳೆ ಹಲಗೆಗಿಂತ ಆಮೇಲಿನದು ತಾನೇ? ಆ ಕರಿಕಲ್ಲಿನಲ್ಲಿರುವ ವಿಕಿರಣಶೀಲ ಧಾತುವಿನ ಕ್ಷಯವನ್ನು ಅಳೆದು, ಅದರ ವಯಸ್ಸು ಸುಮಾರು 115 ಕೋಟಿ ವರ್ಷವೆಂದು 2018ರಲ್ಲಿ ಪ್ರಕಟಿಸಿದರು. ಸವದತ್ತಿಯ ಕ್ವಾರ್ಟ್‌ಜೈಟ್ ಅದಕ್ಕಿಂತ ಹಳೆಯದು. ಅದು ಮರಳಾಗಿದ್ದ ದಿನ ಭೂಮಿಯ ಮೇಲೆ ಹುಲ್ಲಿರಲಿಲ್ಲ, ಮರವಿರಲಿಲ್ಲ, ಬೆನ್ನುಮೂಳೆಯ ಪ್ರಾಣಿ ಒಂದೂ ಇರಲಿಲ್ಲ. ನವಿಲಂತೂ ಇರಲೇ ಇಲ್ಲ.

ನಮ್ಮ ಪುರಾಣಗಳಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ಭೂಮಿಯ ವಯಸ್ಸು ಇಂದಿನ ಲೆಕ್ಕದಲ್ಲಿ ಸುಮಾರು 454 ಕೋಟಿ. ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂದು ಇದನ್ನು ಹಲವರು ಹೇಳುವುದನ್ನು ಕೇಳಿದ್ದೇನೆ. ಒಂದು ಸಂಖ್ಯೆಗೆ ಇನ್ನೊಂದು ಸಂಖ್ಯೆ ಹತ್ತಿರ ಬಂದ ಮಾತ್ರಕ್ಕೆ ಅದು ಅಳತೆಯಾಗುವುದಿಲ್ಲ. ಆದರೆ ಅಷ್ಟು ದೊಡ್ಡ ಕಾಲವನ್ನು ಕಲ್ಪಿಸಿಕೊಳ್ಳಲು ಹೆದರದ ಪರಂಪರೆ ನಮ್ಮದು ಎಂಬುದಂತೂ ನಿಜ.

ಇನ್ನು ಮುಖ್ಯ ಪ್ರಶ್ನೆ. ಹೊಳೆ ಗುಡ್ಡವನ್ನು ಸುತ್ತಿ ಏಕೆ ಹೋಗಲಿಲ್ಲ?

ಹಟನ್ನನ ಗೆಳೆಯ ಪ್ಲೇಫೇರ್ 1802ರಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ ಬರೆದ. ಯಾವ ನಾಡಿನಲ್ಲಿ ನೋಡಿದರೂ ದೊಡ್ಡ ನದಿಗೆ ದೊಡ್ಡ ಕಣಿವೆ, ಸಣ್ಣ ಹೊಳೆಗೆ ಸಣ್ಣ ಕಣಿವೆ. ಉಪನದಿಯ ಕಣಿವೆ ಮುಖ್ಯ ನದಿಯ ಕಣಿವೆಯನ್ನು ಸಾಮಾನ್ಯವಾಗಿ ಸರಿಯಾಗಿ ಅದರ ಮಟ್ಟಕ್ಕೇ ಬಂದು ಸೇರುತ್ತದೆ. ಭೂಮಿ ಬಿರಿದು ಕಣಿವೆಗಳಾಗಿದ್ದರೆ ಇಷ್ಟು ಅಚ್ಚುಕಟ್ಟು ಹೊಂದಾಣಿಕೆ ಎಲ್ಲಿಂದ ಬರಬೇಕು? ಕಣಿವೆಯನ್ನು ಅದರಲ್ಲಿ ಹರಿಯುವ ನೀರೇ ತೋಡಿಕೊಂಡಿದೆ. ನನ್ನ ಉತ್ತರವನ್ನು 1802ರಲ್ಲಿಯೇ ತಳ್ಳಿಹಾಕಲಾಗಿತ್ತು ಎಂಬುದನ್ನು ನಾನು ನಿವೃತ್ತಿಯ ಹೊಸ್ತಿಲಲ್ಲಿ ಓದಿದೆ.

ಹುಡುಗನ ಪ್ರಶ್ನೆಯಲ್ಲೂ ನನ್ನ ಉತ್ತರದಲ್ಲೂ ಒಂದು ಊಹೆ ಅಡಗಿತ್ತು: ಗುಡ್ಡ ಮೊದಲು ನಿಂತಿತ್ತು, ಹೊಳೆ ಆಮೇಲೆ ಬಂತು ಎಂಬುದು. ಇಂಥ ಕಂದರಗಳಿಗೆ ಭೂವಿಜ್ಞಾನಿಗಳು ಕೊಡುವ ವಿವರಣೆ ಇದನ್ನು ತಿರುಗಿಸಿ ಹಾಕುತ್ತದೆ. ಹೊಳೆ ಹರಿಯತೊಡಗಿದಾಗ ಅಲ್ಲಿ ಗುಡ್ಡ ಎದ್ದು ಕಾಣುತ್ತಿರಲಿಲ್ಲ. ಸುತ್ತಲಿನ ನೆಲವೆಲ್ಲ ಗುಡ್ಡದ ನೆತ್ತಿಯಷ್ಟೇ, ಅಥವಾ ಅದಕ್ಕಿಂತಲೂ ಎತ್ತರದಲ್ಲಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖನ್ನಿನ ಲಾವಾ ಬೆಳಗಾವಿಯ ಕಡೆ ಇಂದಿಗೂ ಹಾಸಿಕೊಂಡಿದೆ. ಅದು ಹಿಂದೆ ಇನ್ನೂ ದೂರ ಹರಡಿದ್ದು ಸವೆದುಹೋಗಿದೆ. ಅಂಥ ಹಳೆಯ, ಎತ್ತರದ ನೆಲದ ಮೇಲೆ ಹೊಳೆ ತನ್ನ ದಾರಿ ಹಿಡಿಯಿತು. ಕಾಲಕ್ರಮದಲ್ಲಿ ಇಡೀ ನೆಲ ಸವೆಯುತ್ತ ಇಳಿಯಿತು. ಮುನವಳ್ಳಿಯ ಮೆತ್ತನೆಯ ಜೇಡಿಶಿಲೆ ಬೇಗ ಇಳಿದು ಬಯಲಾಯಿತು. ಸವದತ್ತಿಯ ಕ್ವಾರ್ಟ್‌ಜೈಟ್ ಇಳಿಯದೆ ಉಳಿಯಿತು. ಅದನ್ನೇ ನಾವು ಗುಡ್ಡ ಎನ್ನುತ್ತೇವೆ. ಹೊಳೆ ಹರಿಯುವ ಕಿರಿದಾದ ಜಾಗದಲ್ಲಿ ಮಾತ್ರ ಆ ಗಟ್ಟಿ ಕಲ್ಲೂ ಸುತ್ತಲಿನ ಬಯಲಿನ ಜೊತೆಜೊತೆಗೇ ಕೆಳಗಿಳಿಯಿತು. ಬಂಡೆಯಲ್ಲಿ ಮೊದಲೇ ಇರುವ ಸೀಳುಗಳು ಇಂಥ ಕೆಲಸಕ್ಕೆ ನೆರವಾಗುತ್ತವೆ. ಆದರೆ ಸೀಳು ಕಂದರವಾಗುವುದು ನೀರಿನಿಂದ.

ಅಂದರೆ ಹೊಳೆ ಗುಡ್ಡವನ್ನು ಎದುರಿಸಲೇ ಇಲ್ಲ. ಎರಡು ದಂಡೆಗಳಲ್ಲಿ ಗುಡ್ಡ ಹೊರಬೀಳುತ್ತಿದ್ದಾಗ ಅದು ತನ್ನ ದಾರಿಯಲ್ಲೇ ಇತ್ತು.

ಇಲ್ಲಿ ಎರಡು ವಯಸ್ಸುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಕಲ್ಲಿನ ವಯಸ್ಸು ಒಂದು, ಕಂದರದ ವಯಸ್ಸು ಇನ್ನೊಂದು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನ ಅಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ, ತಳದ ಕಲ್ಲಿಗೆ 170 ಕೋಟಿಗೂ ಹೆಚ್ಚು. ಆದರೆ ಕೊಲರಾಡೊ ನದಿ ಅದನ್ನು ಈಗಿನಂತೆ ಕೊರೆದ ಕೆಲಸದ ಬಹುಭಾಗ ಕಳೆದ ಐವತ್ತು ಅರವತ್ತು ಲಕ್ಷ ವರ್ಷಗಳದ್ದು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಆಂಧ್ರದ ಗಂಡಿಕೋಟೆಯಲ್ಲಿ ಕಡಪ ಸೀಮೆಯ ಪುರಾತನ ಪದರಶಿಲೆಯನ್ನು ಕೊರೆದಿರುವುದೂ ಇದೇ ಬಗೆಯದು. ನಮ್ಮ ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಧುಮುಕುವಲ್ಲಿ ಕೆಲಸ ಇಂದಿಗೂ ನಡೆಯುತ್ತಿದೆ. ಇಂಥ ಜಲಪಾತಗಳಲ್ಲಿ ಬುಡದ ಮೆತ್ತನೆಯ ಪದರ ಮೊದಲು ಸವೆಯುತ್ತದೆ, ಮೇಲಿನ ಗಟ್ಟಿ ಪದರ ಆಧಾರ ತಪ್ಪಿ ಕಳಚಿ ಬೀಳುತ್ತದೆ, ಜಲಪಾತ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಅದು ಹಿಂದೆ ಸರಿಯುತ್ತ ಬಿಟ್ಟುಹೋದ ದಾರಿಯೇ ಕೆಳಗಿನ ಕಂದರ.

ನೀರು ಇಷ್ಟು ಗಟ್ಟಿ ಕಲ್ಲನ್ನು ಹೇಗೆ ಕೊರೆದೀತು ಎಂದು ಕೇಳಬಹುದು. ಬರಿಯ ನೀರು ಕೊರೆಯುವುದು ಬಹಳ ಕಡಿಮೆ. ಕೊರೆಯುವುದು ನೀರು ಹೊತ್ತ ಮರಳು ಮತ್ತು ಗುಂಡುಕಲ್ಲು. ಮೇಕೆದಾಟುವಿನಲ್ಲಿ ಕಾವೇರಿಯ ಬಂಡೆಗಳ ಮೇಲೆ ಒರಳಿನಂಥ ಕುಳಿಗಳನ್ನು ನೋಡಿದ್ದೀರಿ. ಸುಳಿಗೆ ಸಿಕ್ಕ ಕಲ್ಲು ರುಬ್ಬುಗುಂಡಿನಂತೆ ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ತೋಡಿದ ಗುಂಡಿಗಳವು. ಲೆಕ್ಕಕ್ಕಾಗಿ, ವರ್ಷಕ್ಕೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು ಸವೆಯುವುದೆಂದು ಇಟ್ಟುಕೊಳ್ಳಿ. ಐವತ್ತು ವರ್ಷ ಬದುಕಿದವನಿಗೆ ಅದು ಒಂದು ಮಿಲಿಮೀಟರಿಗಿಂತ ಹೆಚ್ಚಲ್ಲ. ಐವತ್ತು ಲಕ್ಷ ವರ್ಷಗಳಲ್ಲಿ ನೂರು ಮೀಟರ್ ಆಳ. ಅದೂ ದಿನವೂ ಸಮನಾಗಿ ನಡೆಯುವ ಕೆಲಸವಲ್ಲ. ಬೇಸಿಗೆಯ ತಿಳಿನೀರು ಹೆಚ್ಚು ಕಡಿಮೆ ಸುಮ್ಮನಿರುತ್ತದೆ. ವರ್ಷದ ಕೆಲಸದ ಬಹುಪಾಲನ್ನು ಕೆಲವೇ ದಿನಗಳ ನೆರೆ ಮಾಡಿ ಮುಗಿಸುತ್ತದೆ.

ಈ ಕೊನೆಯ ಮಾತು ಕರಿಕೆಯವರಾದ ನಮಗೆ ಹತ್ತಿರದ್ದು. ನಮ್ಮಲ್ಲಿ ಬಾದಾಮಿಯಂಥ ಪದರಗಳಿಲ್ಲ. ಕೊಡಗಿನ ಬುಡದಲ್ಲಿರುವುದು ಆಳದಲ್ಲಿ ಬೆಂದು ಹರಳುಗಟ್ಟಿದ ಚಾರ್ನೊಕೈಟ್ ಮತ್ತು ನೈಸ್ ಶಿಲೆಗಳು. ಅವುಗಳಲ್ಲಿ ಬಹುಭಾಗ 310 ಕೋಟಿ ವರ್ಷಗಳಿಗೂ ಹಳೆಯವು. ಸವದತ್ತಿಯ ಕಲ್ಲು ಇವುಗಳ ಮುಂದೆ ಮೊಮ್ಮಗು. ಆದರೆ ನಾವು ಮನೆ ಕಟ್ಟಿ, ಅಡಿಕೆ ನೆಟ್ಟಿರುವುದು ಆ ಕಲ್ಲಿನ ಮೇಲಲ್ಲ. ಅದು ಮಳೆಗೆ ಕೊಳೆತು ಆದ ಕೆಂಪು ಮಣ್ಣಿನ ಹೊದಿಕೆಯ ಮೇಲೆ. ಕಲ್ಲು ಎಷ್ಟು ಹಳೆಯದಾದರೇನು, ಹೊದಿಕೆ ನಿಲ್ಲುವುದು ಅದರ ಇಳಿಜಾರು, ಬೇರು ಮತ್ತು ನೀರು ಹೋಗುವ ದಾರಿಯ ಮೇಲೆ. ಆಟಿ ತಿಂಗಳ ಮಳೆಗೆ ಮಣ್ಣು ನೀರು ಕುಡಿದು ಭಾರವಾಗುತ್ತದೆ; ನಾವು ರಸ್ತೆಗೋ ಮನೆಗೋ ಬುಡ ಕಡಿದಿದ್ದರೆ ಬರೆ ಜರಿಯುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ಭಾಗಮಂಡಲದ ಬಳಿಯ ಕೋರಂಗಾಲದಲ್ಲಿ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿಯಲ್ಲಿ ನಾವು ಇದನ್ನು ಕಂಡೆವು. ಜೀವಗಳು ಹೋದವು.

2022ರ ಜೂನ್ ಕೊನೆಯಲ್ಲಿ ಚೆಂಬು, ಕರಿಕೆ, ಸುಳ್ಯದ ಕಡೆ ನೆಲ ಹಲವು ಸಲ ಕಂಪಿಸಿತು. ಹೆಚ್ಚಿನದೆಂದರೆ 3ರ ಆಸುಪಾಸಿನ ತೀವ್ರತೆ. ನಮ್ಮ ಮನೆಯ ಅಟ್ಟದ ಪಾತ್ರೆಗಳೂ ಸದ್ದು ಮಾಡಿದವು. ಗುಡ್ಡ ಸೀಳುತ್ತದಂತೆ ಎಂದು ಊರಿನಲ್ಲಿ ಮಾತು ಹಬ್ಬಿತು, ಕೆಲವರು ನಿದ್ದೆಗೆಟ್ಟರು. ಅಂಥ ಸಣ್ಣ ಕಂಪನ ಗುಡ್ಡವನ್ನು ಸೀಳುವುದಿಲ್ಲ ಎಂದು ನೆರೆಯವರಿಗೆ ವಿವರಿಸುವಾಗ ನನಗೆ ನಾಚಿಕೆಯಾಯಿತು. ಗುಡ್ಡ ಒಮ್ಮೆಗೇ ಸೀಳುತ್ತದೆಂದು ಮಕ್ಕಳಿಗೆ ಕಲಿಸಿದವನು ನಾನೇ ಅಲ್ಲವೇ? ಹೆದರಬೇಕಾದ್ದಕ್ಕೆ ಹೆದರದೆ, ಮನೆಯ ಹಿಂದಿನ ಬರೆಯ ಬುಡ ಕಡಿಯುತ್ತಲೇ, ಆಗದ ಬಿರುಕಿಗೆ ನಿದ್ದೆಗೆಡುತ್ತಿದ್ದೆವು. ತಪ್ಪು ಉತ್ತರದ ಕೇಡು ಪರೀಕ್ಷೆಯ ಅಂಕಗಳಲ್ಲಿ ಮುಗಿಯುವುದಿಲ್ಲ.

ಇದನ್ನು ಬರೆಯುವ ಮೊದಲು ಆ ವಿದ್ಯಾರ್ಥಿಗೆ ಫೋನ್ ಮಾಡಿ ತಪ್ಪನ್ನು ಒಪ್ಪಿಕೊಂಡೆ. "ಇರಲಿ ಬಿಡ್ರಿ ಸರ್" ಎಂದು ನಕ್ಕ. ಮಗಳು ಫೋನ್ ತೆಗೆದುಕೊಂಡು ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಅಜ್ಜಾರ, ಹಂಗಾದ್ರ ಈಗ ಅಣೆಕಟ್ಟು ಕಟ್ಟಿದ ಮ್ಯಾಲೆ ಹೊಳಿ ಏನ್ ಮಾಡಾಕತ್ತೇತ್ರಿ?"

ಎರಡು ದಿನ ಸಮಯ ಕೊಡು ಮಗಳೇ, ಓದಿ ಹೇಳುತ್ತೇನೆ ಎಂದೆ. ಎರಡು ದಿನ ಬಿಟ್ಟು ಫೋನ್ ಮಾಡಿದೆ. ಜಲಾಶಯದ ಒಳಗೆ ನೀರು ನಿಂತಿರುವುದರಿಂದ ಹೊಳೆ ಅಲ್ಲಿ ಕೊರೆಯುವುದನ್ನು ಬಿಟ್ಟು ಹೂಳನ್ನು ಇಳಿಸುತ್ತಿದೆ. ಜಲಾಶಯದ ಬಾಯಲ್ಲಿ ಮರಳು, ಅಣೆಕಟ್ಟಿನ ಕಡೆಗೆ ನುಣುಪು ಕೆಸರು, ಪ್ರತಿ ಮಳೆಗಾಲಕ್ಕೂ ಹೊಸ ಹೂಳು ಎಂದೆ. "ಅಂದ್ರ ಅಲ್ಲಿ ಹೊಸಾ ಪದರ ಆಗಾಕತ್ತಾವ" ಎಂದಳು.

ಹೌದು ಎಂದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪನ ಜೊತೆ ದಂಡೆಗೆ ಹೋಗಿ ಗೆರೆಗಳನ್ನು ಎಣಿಸಿ ನನಗೆ ತಿಳಿಸಬೇಕೆಂದು ಹೇಳಿದ್ದೇನೆ. ಆ ಸೀಮೆಯಲ್ಲಿರುವ ನೀವೂ ಹೋಗಿ ನೋಡಿರಿ.